ಕಾಸಿದ ಲೋಹ, ಮುಚ್ಚಿದ ಖಾತೆ

ಸತ್ತೇಗಾಲದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ನಮ್ಮ ವಾಚಕರೊಬ್ಬರು ಕಾಗದ ಬರೆದಿದ್ದಾರೆ. ಕಾಗದ ಚಿಕ್ಕದು, ಪ್ರಶ್ನೆ ದೊಡ್ಡದು. ಚೆನ್ನೈಯಿಂದ ದಕ್ಷಿಣಕ್ಕೆ ಕಡಲ ದಂಡೆಯಲ್ಲಿರುವ ಕಲ್ಪಾಕ್ಕಂನಲ್ಲಿ ಪರಮಾಣು ಕುಲುಮೆಯನ್ನು ತಣಿಸುವುದಕ್ಕೆ ನೀರನ್ನು ಬಿಟ್ಟು ಲೋಹವನ್ನು ಕರಗಿಸಿ ಹರಿಸುತ್ತಾರಂತೆ. ಉರಿಯನ್ನು ತಣಿಸಲು ಕಾಸಿದ ಲೋಹವನ್ನು ಹೊಯ್ಯುವುದು ಯಾವ ಊರಿನ ನ್ಯಾಯ, ಇದು ನಿಜವೋ ಕಟ್ಟುಕತೆಯೋ, ನಿಜವಾದರೆ ನಮ್ಮ ಕರೆಂಟಿನ ಬಿಲ್ಲು ಇಳಿಯುವುದೋ ಏರುವುದೋ ಎಂದು ಅವರು ಕೇಳಿದ್ದಾರೆ. ಕಾಗದದ ಕೊನೆಯಲ್ಲಿ ಅವರ ಮನೆಯ ಮಾತೊಂದಿದೆ. ಅವರ ಮಗ ಐ.ಟಿ.ಐ.ಯಲ್ಲಿ ಬೆಸುಗೆ ಕೆಲಸ ಕಲಿತಿದ್ದಾನೆ. ಗುತ್ತಿಗೆದಾರನೊಬ್ಬ ಅವನನ್ನು ಅದೇ ಕಲ್ಪಾಕ್ಕಂಗೆ ಕರೆಯುತ್ತಿದ್ದಾನೆ. ಕಳುಹಿಸಲೋ ಬೇಡವೋ ಎಂಬುದು ತಂದೆಯ ಚಿಂತೆ. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಸತ್ತೇಗಾಲದವರು ಹೀಗೆ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ವಿದ್ಯುಚ್ಛಕ್ತಿಯ ವಿಷಯದಲ್ಲಿ ಪ್ರಶ್ನೆ ಕೇಳುವ ಹಕ್ಕು ಯಾವುದಾದರೂ ಊರಿಗೆ ಇದ್ದರೆ ಅದು ಈ ಊರಿಗೆ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಕೈಗೊಂಡ ಶಿವನಸಮುದ್ರದ ಯಂತ್ರಗಳು 1902ರ ಜೂನ್ 30ರಂದು ತಿರುಗತೊಡಗಿದವು. ಆಗ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; 1956ರವರೆಗೂ ಹಾಗೆಯೇ ಇತ್ತು. ಯಂತ್ರಗಳು ಮೈಸೂರು ಸಂಸ್ಥಾನದವು. ಹೊಳೆ ಮಾತ್ರ ಎರಡೂ ಕಡೆಯವರದು. ಆ ಹೊಳೆಯ ಬಲದಿಂದ ಹುಟ್ಟಿದ ಕರೆಂಟು ಮೊದಲು ಹೋದದ್ದು ಎಲ್ಲಿಗೆ? ಸತ್ತೇಗಾಲಕ್ಕಲ್ಲ, ಮಳವಳ್ಳಿಗೂ ಅಲ್ಲ. 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಯ ಲಾಭಕ್ಕೆ. ಆಮೇಲೆ 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಭರಚುಕ್ಕಿಯ ಭೋರ್ಗರೆತ ಕೇಳುತ್ತ ಮಲಗುವ ಹಳ್ಳಿಗಳ ಸರದಿ ಬಹಳ ಹಿಂದೆ ಬಿತ್ತು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಭಾರತದ ಅಣುಶಕ್ತಿ ಯೋಜನೆಯ ಕರ್ತೃವಾದ ಡಾಕ್ಟರ್ ಹೋಮಿ ಭಾಭಾ ಅವರು 1939ರಿಂದ 1945ರವರೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆಗ ಆ ಊರಿನ ದೀಪಗಳು ಉರಿಯುತ್ತಿದ್ದುದು ಶಿವನಸಮುದ್ರ ಮತ್ತು ಶಿಂಷಾದ ಕರೆಂಟಿನಿಂದ. ಯೋಜನೆಯ ಮೂಲದಲ್ಲಿ ನಮ್ಮ ಹೊಳೆಯ ಬೆಳಕೂ ಒಂದಿಷ್ಟು ಸೇರಿದೆ ಎಂದು ಹೇಳಿದರೆ ಅದು ಬರಿಯ ಜಂಬವಾಗದು. ಇಂದು ದಕ್ಷಿಣದ ರಾಜ್ಯಗಳ ತಂತಿಜಾಲವೆಲ್ಲ ಒಂದೇ. ನೇರ ಗೆರೆ ಎಳೆದರೆ ಸುಮಾರು 330 ಕಿಲೋಮೀಟರ್ ದೂರದಲ್ಲಿರುವ ಕಲ್ಪಾಕ್ಕಂನ ಕರೆಂಟೂ ಶಿಂಷಾದ ಕರೆಂಟೂ ಅದರಲ್ಲಿ ಬೆರೆತು ಹರಿಯುತ್ತವೆ. ಆದುದರಿಂದ ಅಲ್ಲಿ ಏನನ್ನು ಕಾಸುತ್ತಾರೆ, ಏನನ್ನು ತಣಿಸುತ್ತಾರೆ ಎಂದು ತಿಳಿದುಕೊಳ್ಳುವುದು ಪರರ ಮನೆಯ ಉಸಾಬರಿ ಅಲ್ಲ.

ಕೊಳ್ಳೇಗಾಲ, ಮಾಂಬಳ್ಳಿ ಕಡೆಯ ರೇಷ್ಮೆ ಬಿಚ್ಚುವ ಕಾರ್ಖಾನೆಗಳಲ್ಲಿ ಬಾಯ್ಲರಿನ ಮುಂದೆ ನಿಂತವರಿಗೆ ವಿಷಯ ಬೇಗ ತಿಳಿಯುತ್ತದೆ. ಪರಮಾಣು ಕುಲುಮೆಯೆಂದರೆ ಸೌದೆಯ ಬದಲು ಯುರೇನಿಯಂ ಹಾಕಿದ ಒಲೆ. ಒಲೆಯ ಶಾಖವನ್ನು ಯಾವುದಾದರೊಂದು ದ್ರವ ಹೊತ್ತು ತರಬೇಕು. ಆ ಶಾಖದಿಂದ ಹಬೆ ಎದ್ದು ಚಕ್ರ ತಿರುಗಬೇಕು. ಆ ದ್ರವವು ನಿಂತೇಹೋದರೆ ಒಲೆಯೇ ಕರಗಿಹೋಗಬಹುದು. ಅದಕ್ಕೇ ಅದನ್ನು ತಣಿಸುವ ದ್ರವ ಎನ್ನುವುದು. ನಮ್ಮ ಕೈಗಾದಲ್ಲಿ ಈ ಕೆಲಸವನ್ನು ಭಾರಜಲ ಮಾಡುತ್ತದೆ. ನೀರಿಗೆ ಒಂದು ದೋಷವಿದೆ. ನೂರು ಡಿಗ್ರಿಗೆ ಕುದಿಯುತ್ತದೆ. ಮುನ್ನೂರು ಡಿಗ್ರಿಯಲ್ಲಿಯೂ ಅದು ನೀರಾಗಿಯೇ ಉಳಿಯಬೇಕಾದರೆ ವಾತಾವರಣದ ನೂರು ಪಟ್ಟಿನ ಹತ್ತಿರದ ಒತ್ತಡದಲ್ಲಿ ಅದನ್ನು ಅದುಮಿ ಹಿಡಿಯಬೇಕು. ಒತ್ತಡವೆಂದರೆ ಏನು, ಸಿಡಿದ ಕೊಳವೆಯೆಂದರೆ ಏನು ಎಂದು ಬಾಯ್ಲರ್ ಕಂಡವರಿಗೆ ನಾವು ಹೇಳಬೇಕಾಗಿಲ್ಲ.

ನೀರಿಗೆ ಇನ್ನೊಂದು ಗುಣವಿದೆ. ಕಲ್ಪಾಕ್ಕಂನ ಹೊಸ ಕುಲುಮೆಗೆ ಅದು ಒಗ್ಗದು. ಯುರೇನಿಯಂ ಒಡೆದಾಗ ನ್ಯೂಟ್ರಾನ್ ಎಂಬ ಕಣಗಳು ಅತಿ ವೇಗದಲ್ಲಿ ಸಿಡಿಯುತ್ತವೆ. ಗೋಲಿಯಾಡಿದ ಹುಡುಗರಿಗೆಲ್ಲ ಗೊತ್ತು: ಗೋಲಿಯು ತನ್ನಷ್ಟೇ ತೂಕದ ಗೋಲಿಗೆ ನೇರವಾಗಿ ಬಡಿದರೆ ತನ್ನ ಓಟವನ್ನೆಲ್ಲ ಅದಕ್ಕೆ ಕೊಟ್ಟು ನಿಂತುಬಿಡುತ್ತದೆ, ಗುಂಡುಕಲ್ಲಿಗೆ ಬಡಿದರೆ ಓಟ ಕಳೆದುಕೊಳ್ಳದೆ ಹಿಂದಕ್ಕೆ ಚಿಮ್ಮುತ್ತದೆ. ನೀರಿನಲ್ಲಿರುವ ಜಲಜನಕದ ಅಣುವು ನ್ಯೂಟ್ರಾನಿನಷ್ಟೇ ತೂಕದ್ದು. ಅದು ನ್ಯೂಟ್ರಾನಿನ ಓಟವನ್ನು ಹೀರಿಬಿಡುತ್ತದೆ. ಕೈಗಾದಂಥ ಕುಲುಮೆಗೆ ಆ ನಿಧಾನವೇ ಬೇಕು. ಆದರೆ ಭಾಭಾ ಅವರ ಯೋಜನೆಯ ಎರಡನೆಯ ಹಂತಕ್ಕೆ ವೇಗ ಬೇಕು. ಗಣಿಯಿಂದ ಬಂದ ಯುರೇನಿಯಂನಲ್ಲಿ ನೇರವಾಗಿ ಒಡೆದು ಉರಿಯುವ ಭಾಗ ನೂರಕ್ಕೆ ಒಂದು ಪಾಲೂ ಇಲ್ಲ. ಉಳಿದದ್ದರ ಮೇಲೆ ನ್ಯೂಟ್ರಾನುಗಳು ಬಿದ್ದರೆ ಅದು ಪ್ಲುಟೋನಿಯಂ ಎಂಬ ಇಂಧನವಾಗಿ ಮಾರ್ಪಡುತ್ತದೆ. ವೇಗ ಉಳಿದಿದ್ದರೆ ಈ ಕೆಲಸ ಹುಲುಸಾಗಿ ನಡೆಯುತ್ತದೆ. ಉರಿಸಿದ್ದಕ್ಕಿಂತ ಹೆಚ್ಚು ಇಂಧನವನ್ನು ತಾನೇ ಈಯುವುದರಿಂದ ಇದಕ್ಕೆ ಬ್ರೀಡರ್ ಕುಲುಮೆ ಎಂದು ಹೆಸರು. ಮೂರನೆಯ ಹಂತದಲ್ಲಿ ನಮ್ಮ ಕಡಲ ಮರಳಿನ ಥೋರಿಯಂ. ಯುರೇನಿಯಂ ಕಡಿಮೆ ಇರುವ ದೇಶಕ್ಕೆ ಈ ಲೆಕ್ಕ ಆಕರ್ಷಕವೆಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಓಟವನ್ನು ಕೆಡಿಸದೆ ಶಾಖವನ್ನು ಮಾತ್ರ ಹೊರುವ ದ್ರವ ಯಾವುದು? ಲೋಹ. ಪಾದರಸವನ್ನು ಅಮೆರಿಕದವರು 1946ರಲ್ಲಿಯೇ ಒಂದು ಪುಟ್ಟ ಕುಲುಮೆಯಲ್ಲಿ ಪರೀಕ್ಷಿಸಿ ಕೈಬಿಟ್ಟರು. 1951ರ ಡಿಸೆಂಬರ್ 20ರಂದು ಇಡಾಹೊ ಎಂಬಲ್ಲಿ ಅಣುಶಕ್ತಿಯಿಂದ ಮೊತ್ತಮೊದಲು ನಾಲ್ಕು ಬಲ್ಬುಗಳು ಹತ್ತಿದಾಗ ಆ ಶಾಖವನ್ನು ಹೊತ್ತು ತಂದದ್ದು ಸೋಡಿಯಂ ಮತ್ತು ಪೊಟ್ಯಾಸಿಯಂ ಬೆರೆಸಿದ ಲೋಹದ್ರವ. ರಷ್ಯದವರು ಸೀಸ ಮತ್ತು ಬಿಸ್ಮತ್ ಬೆರೆಸಿ ಜಲಾಂತರ್ಗಾಮಿಗಳಲ್ಲಿ ಹರಿಸಿದರು. 1968ರಲ್ಲಿ ಅಂಥ ಒಂದು ಹಡಗಿನಲ್ಲಿ ಕಿಟ್ಟ ಕಟ್ಟಿ ದ್ರವದ ದಾರಿ ಮುಚ್ಚಿಕೊಂಡು ಕುಲುಮೆ ಕೆಟ್ಟು ಒಂಬತ್ತು ಮಂದಿ ನಾವಿಕರು ಸತ್ತರು. ಹೆಚ್ಚಿನ ದೇಶಗಳು ಕೊನೆಗೆ ಆರಿಸಿಕೊಂಡದ್ದು ಬರಿಯ ಸೋಡಿಯಂ. ನಮ್ಮ ಅಡಿಗೆಮನೆಯ ಉಪ್ಪಿನೊಳಗಿರುವ ಲೋಹವೇ ಅದು.

ಸೋಡಿಯಂನ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಅದು 98 ಡಿಗ್ರಿಯಲ್ಲಿ ಕರಗುತ್ತದೆ, 883 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕಲ್ಪಾಕ್ಕಂನ ಹೊಸ ಕುಲುಮೆಯಲ್ಲಿ ಅದು 397 ಡಿಗ್ರಿಯಲ್ಲಿ ಒಳಕ್ಕೆ ಹೋಗಿ 547 ಡಿಗ್ರಿಯಲ್ಲಿ ಹೊರಕ್ಕೆ ಬರುವಂತೆ ಏರ್ಪಾಡು. ಅಂದರೆ ಕುದಿಯುವುದಕ್ಕೆ ಇನ್ನೂ ಮುನ್ನೂರಕ್ಕೂ ಹೆಚ್ಚು ಡಿಗ್ರಿ ಬಾಕಿ ಇರುತ್ತದೆ. ಆದ್ದರಿಂದ ಅದನ್ನು ಅದುಮಿ ಹಿಡಿಯುವ ಅಗತ್ಯವಿಲ್ಲ. ವಾತಾವರಣದ ಒತ್ತಡದ ಆಸುಪಾಸಿನಲ್ಲಿಯೇ ಹರಿಯುತ್ತದೆ. ಶಾಖವನ್ನು ನೀರಿಗಿಂತ ಎಷ್ಟೋ ಪಾಲು ಚೆನ್ನಾಗಿ ಹರಡುತ್ತದೆ. ಉಕ್ಕನ್ನು ತಿನ್ನುವುದಿಲ್ಲ. ಸತ್ತೇಗಾಲದ ಗೆಳೆಯರ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ಒಲೆ ಇನ್ನೂ ಬಿಸಿಯಾಗಿದ್ದರೆ ಐನೂರು ಡಿಗ್ರಿಯ ಲೋಹವೂ ಅದಕ್ಕೆ ತಂಪೇ. ತಮಾಷೆಯೆಂದರೆ ಕುಲುಮೆ ಆರಿ ಕುಳಿತಾಗ ಈ ತಂಪುದ್ರವವನ್ನೇ ಕರೆಂಟು ಖರ್ಚು ಮಾಡಿ ಕಾಯಿಸುತ್ತಿರಬೇಕು. ಇಲ್ಲದಿದ್ದರೆ ಕೊಳವೆಯೊಳಗೆ ಗಟ್ಟಿ ಕಟ್ಟಿಬಿಡುತ್ತದೆ.

ಇನ್ನು ದೋಷ. ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸೀಮೆಎಣ್ಣೆಯ ಸೀಸೆಯಿಂದ ಬೆಣ್ಣೆಯಂಥ ಲೋಹದ ಚೂರೊಂದನ್ನು ತೆಗೆದು ನೀರಿಗೆ ಹಾಕಿದ್ದನ್ನು ನೋಡಿದವರು ನಮ್ಮ ವಾಚಕರಲ್ಲಿ ಬೇಕಾದಷ್ಟು ಮಂದಿ ಇರಬಹುದು. ಚೂರು ನೀರಿನ ಮೇಲೆ ಓಡಾಡಿ ಸಿಡಿದು ಉರಿಯುತ್ತದೆ. ಬಿಸಿ ಸೋಡಿಯಂ ಗಾಳಿ ಸೋಕಿದರೂ ಹತ್ತಿಕೊಳ್ಳುತ್ತದೆ. ನೀರು ತಗಲಿದರೆ ಜಲಜನಕವೂ, ಸಾಬೂನು ಮಾಡುವವರು ಬಲ್ಲ ಕಾಸ್ಟಿಕ್ ಸೋಡಾವೂ ಹುಟ್ಟುತ್ತವೆ. ಆ ಬೆಂಕಿಗೆ ನೀರು ಹಾಕುವಂತಿಲ್ಲ. ಮೇಷ್ಟ್ರ ಕೈಯಲ್ಲಿದ್ದದ್ದು ಕಡಲೆಕಾಳಿನಷ್ಟು. ಕಲ್ಪಾಕ್ಕಂನ 500 ಮೆಗಾವಾಟಿನ ಕುಲುಮೆಯ ಮೊದಲ ಸುತ್ತಿನಲ್ಲಿಯೇ ಇರಬೇಕಾದದ್ದು ಸಾವಿರ ಟನ್ನಿಗೂ ಮೀರಿದ ಸೋಡಿಯಂ. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ನೂರು ಲಾರಿ ಸಾಲದು. ಕುಲುಮೆಯ ಮೂಲಕ ಹಾಯ್ದ ಸೋಡಿಯಂ ವಿಕಿರಣವನ್ನೂ ಹೊತ್ತುಕೊಳ್ಳುವುದರಿಂದ ಅದರ ಶಾಖವನ್ನು ಎರಡನೆಯ ಸುತ್ತಿನ ಶುದ್ಧ ಸೋಡಿಯಂಗೆ ದಾಟಿಸಿ, ಅದರಿಂದ ನೀರನ್ನು ಹಬೆ ಮಾಡುತ್ತಾರೆ. ಅಂದರೆ ಎಲ್ಲಿಯೋ ಒಂದೆಡೆ ಸೋಡಿಯಂ ಮತ್ತು ನೀರು ಒಂದು ಉಕ್ಕಿನ ಕೊಳವೆಯ ಗೋಡೆಯ ಆಚೆಗೊಂದು ಈಚೆಗೊಂದು ಹರಿಯಲೇಬೇಕು. ಈ ಇಡೀ ವಿದ್ಯೆಯ ಪ್ರಾಣ ಇರುವುದು ಆ ಗೋಡೆಯಲ್ಲಿ. ಬೆಸುಗೆ ಇದ್ದಲ್ಲಿ ಸೋರಿಕೆಯ ಭಯವೆಂದು ಕಲ್ಪಾಕ್ಕಂನವರು 23 ಮೀಟರ್ ಉದ್ದದ ಕೊಳವೆಗಳನ್ನು ನಡುವೆ ಬೆಸುಗೆಯಿಲ್ಲದೆ ಅಖಂಡವಾಗಿ ಮಾಡಿಸಿದ್ದಾರೆ. ಇದು ನಮ್ಮ ಎಂಜಿನಿಯರರ ವಿವೇಕ, ಅದನ್ನು ಮೆಚ್ಚುತ್ತೇವೆ. ಆದರೂ ಕೊಳವೆಯ ಎರಡು ತುದಿಗಳಲ್ಲಿ ಬೆಸುಗೆ ಇದ್ದೇ ಇದೆ. ಇನ್ನು ಸೋಡಿಯಂ ನೀರಿನಂತೆ ತಿಳಿಯಲ್ಲ. ಒಳಗೆ ಏನು ನಡೆದಿದೆ ಎಂದು ಕಣ್ಣಿಗೆ ಕಾಣದು. 1966ರ ಅಕ್ಟೋಬರಿನಲ್ಲಿ ಅಮೆರಿಕದ ಡೆಟ್ರಾಯಿಟ್ ಬಳಿಯ ಫರ್ಮಿ ಕುಲುಮೆಯಲ್ಲಿ ಒಂದು ತಗಡಿನ ತುಂಡು ಕಳಚಿ ಸೋಡಿಯಂನ ದಾರಿಗೆ ಅಡ್ಡಬಿದ್ದು ಇಂಧನದ ಒಂದು ಭಾಗ ಕರಗಿತು. ಆ ತುಂಡು ಯಾವುದೆಂದು ಪತ್ತೆ ಹಚ್ಚುವುದೇ ದೊಡ್ಡ ಸಾಹಸವಾಯಿತು.

ಇಷ್ಟನ್ನು ಓದಿ ಸೋಡಿಯಂ ಬೇಡವೇ ಬೇಡ ಎಂದು ಯಾರಾದರೂ ಕೂಗಿದರೆ ನಾವು ಆ ಕೂಗಿಗೆ ದನಿಗೂಡಿಸುವುದಿಲ್ಲ. ಪ್ರಪಂಚದ ಅನುಭವ ನಮಗೆ ಬೇರೆಯ ಪಾಠವನ್ನು ಹೇಳುತ್ತದೆ. ಎರಡು ಕುಲುಮೆಗಳ ಕತೆಯನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಜಪಾನಿನ ಮೋಂಜು ಎಂಬ ಕುಲುಮೆಯಲ್ಲಿ 1995ರ ಡಿಸೆಂಬರ್ 8ರಂದು, ಉಷ್ಣಮಾಪಕವಿದ್ದ ಒಂದು ಸಣ್ಣ ಗೂಡು ಕೊಳವೆಯೊಳಗಿನ ಹರಿವಿನ ಅದುರಾಟಕ್ಕೆ ಮುರಿಯಿತು. ಆ ರಂಧ್ರದಿಂದ ಸುಮಾರು 640 ಕಿಲೋ ಸೋಡಿಯಂ ಸೋರಿ ಹತ್ತಿಕೊಂಡಿತು. ಅದು ಎರಡನೆಯ ಸುತ್ತಿನ ಸೋಡಿಯಂ, ವಿಕಿರಣವಿರಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಅಲ್ಲಿಗೆ ಮುಗಿಯಬಹುದಾಗಿದ್ದ ಮಾತು. ಆದರೆ ನಡೆಸುತ್ತಿದ್ದ ಸಂಸ್ಥೆಯು ಒಳಗೆ ತೆಗೆದ ಚಿತ್ರವನ್ನು ಕತ್ತರಿಸಿ, ಭಯಂಕರವಾದದ್ದನ್ನೆಲ್ಲ ಬಿಟ್ಟು, ಸೌಮ್ಯವಾದ ತುಣುಕನ್ನು ಜನರಿಗೆ ತೋರಿಸಿತು. ಗುಟ್ಟು ಬಯಲಾಯಿತು. ಒಳತನಿಖೆಯ ಹೊಣೆ ಹೊತ್ತಿದ್ದ ಅಧಿಕಾರಿಯೊಬ್ಬರು 1996ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕುಲುಮೆ 2010ರವರೆಗೆ ಹೊತ್ತಲಿಲ್ಲ. ಹೊತ್ತಿದ ಮೂರೇ ತಿಂಗಳಲ್ಲಿ ಮೂರು ಟನ್ನಿನ ಯಂತ್ರವೊಂದು ಪಾತ್ರೆಯೊಳಗೆ ಬಿದ್ದು ಮತ್ತೆ ನಿಂತಿತು. 2016ರ ಡಿಸೆಂಬರಿನಲ್ಲಿ ಅದನ್ನು ಕಿತ್ತುಹಾಕಲು ಸರ್ಕಾರ ತೀರ್ಮಾನಿಸಿತು. ಅದನ್ನು ಕೊಂದದ್ದು ಸೋಡಿಯಂಗಿಂತ ಹೆಚ್ಚಾಗಿ ಕತ್ತರಿ ಎಂದೇ ನಮ್ಮ ಅಭಿಪ್ರಾಯ.

ರಷ್ಯದ ಉರಾಲ್ ಪ್ರಾಂತದ ಬೆಲೊಯಾರ್ಸ್ಕ್‌ನಲ್ಲಿ 600 ಮೆಗಾವಾಟಿನ ಸೋಡಿಯಂ ಕುಲುಮೆ 1980ರಲ್ಲಿ ಆರಂಭವಾಯಿತು. 1997ರವರೆಗೆ ಅಲ್ಲಿ 27 ಸೋರಿಕೆಗಳಾದವು. ಅವುಗಳಲ್ಲಿ 14ರಲ್ಲಿ ಬೆಂಕಿ ಹೊತ್ತಿತು. ಮೋಂಜುವಿಗಿಂತ ಎಷ್ಟೋ ಹೆಚ್ಚು! ಆದರೂ ಆ ಕುಲುಮೆ ನಾಲ್ಕು ದಶಕಗಳನ್ನು ಮೀರಿ ಕರೆಂಟು ಕೊಟ್ಟಿದೆ. ಕಾರಣ ಸರಳ. ಸೋರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಅವರು ಹಬೆಯಂತ್ರವನ್ನು ತುಂಡುತುಂಡಾಗಿ ಕಟ್ಟಿದ್ದರು. ಒಂದು ತುಂಡು ಸೋರಿದರೆ ಅದನ್ನು ಬೇರ್ಪಡಿಸಿ ಉಳಿದವನ್ನು ನಡೆಸುತ್ತಿದ್ದರು. ಪ್ರತಿಯೊಂದು ಸೋರಿಕೆಯನ್ನೂ ಲೆಕ್ಕ ಬರೆದರು, ಆ ಲೆಕ್ಕವನ್ನು ಹೊರದೇಶದ ತಜ್ಞರ ಮುಂದೆಯೂ ಇಟ್ಟರು. ಸೋವಿಯೆಟ್ ರಷ್ಯವೇನೂ ಸತ್ಯಹರಿಶ್ಚಂದ್ರನ ನಾಡಾಗಿರಲಿಲ್ಲ. 1986ರ ಚೆರ್ನೋಬಿಲ್ ದುರಂತವನ್ನು ಮೊದಲ ದಿನಗಳಲ್ಲಿ ತನ್ನ ಜನರಿಂದಲೇ ಮುಚ್ಚಿಟ್ಟಿತು. ಈ ಒಂದು ಕುಲುಮೆಯ ಮಟ್ಟಿಗಾದರೂ ಖಾತೆ ತೆರೆದಿತ್ತು ಎಂಬುದನ್ನು ಮಾತ್ರ ಗಮನಕ್ಕೆ ತರುತ್ತಿದ್ದೇವೆ.

ನಮ್ಮ ದೇಶದ ಖಾತೆ ಹೇಗಿದೆ? ಕಲ್ಪಾಕ್ಕಂನ ಚಿಕ್ಕ ಪರೀಕ್ಷಾ ಕುಲುಮೆ 1985ರ ಅಕ್ಟೋಬರ್ 18ರಂದು ಹೊತ್ತಿತು. ಫ್ರಾನ್ಸಿನ ಮಾದರಿಯನ್ನು ಆಧರಿಸಿ ಕಟ್ಟಿದ್ದರೂ ಅದರ ಕಾರ್ಬೈಡ್ ಇಂಧನ ನಮ್ಮವರ ಸ್ವಂತ ಸಾಧನೆ. 1987ರಲ್ಲಿ ಇಂಧನವನ್ನು ಸಾಗಿಸುವಾಗ ಆದ ಅಪಘಾತದಿಂದ ಸುಮಾರು ಎರಡು ವರ್ಷ ನಿಂತಿತು. 2002ರಲ್ಲಿ 75 ಕಿಲೋ ಸೋಡಿಯಂ ಸೋರಿತು. ಈ ಸಂಗತಿಗಳನ್ನು ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಬರೆದಿದ್ದಾರೆ. ಅದಕ್ಕೆ ಅವರಿಗೆ ಗೌರವ ಸಲ್ಲಬೇಕು. ಆದರೆ ಆ ಪ್ರಬಂಧಗಳು ಯಾವ ಭಾಷೆಯಲ್ಲಿವೆ, ಯಾರ ಕೈಗೆ ಸಿಗುತ್ತವೆ? ದೊಡ್ಡ ಕುಲುಮೆಗೆ 2003ರಲ್ಲಿ ಒಪ್ಪಿಗೆ ದೊರೆತಾಗ ಹೇಳಿದ ಖರ್ಚು 3,492 ಕೋಟಿ ರೂಪಾಯಿ; 2010ರ ಹೊತ್ತಿಗೆ ಮುಗಿಯುತ್ತದೆ ಎಂದರು. ಕೆಲಸ ಹಿಡಿದ 2004ರಲ್ಲಿಯೇ ಸುನಾಮಿಯ ನೀರು ಅಡಿಪಾಯದ ಹಳ್ಳಕ್ಕೆ ನುಗ್ಗಿತು. ಅದು ಯಾರ ತಪ್ಪೂ ಅಲ್ಲ. ಖರ್ಚು 5,677 ಕೋಟಿಗೆ ಏರಿತು, ಅಲ್ಲಿಗೂ ನಿಲ್ಲಲಿಲ್ಲ. ಕುಲುಮೆಯ ಗರ್ಭಕ್ಕೆ ಮೊದಲ ಸಾಮಗ್ರಿ ಇಳಿಸುವ ಸಮಾರಂಭ ಪ್ರಧಾನಿಗಳ ಸಮ್ಮುಖದಲ್ಲಿ ನಡೆದದ್ದು 2024ರ ಮಾರ್ಚ್ 4ರಂದು. ಬಾಕಿ ವಸೂಲಿಗೆ ಹದಿಮೂರು ವರ್ಷ ತಡವಾದರೆ ಕೊಳ್ಳೇಗಾಲದ ಯಾವ ವ್ಯಾಪಾರಿ ಕಾರಣ ಕೇಳದೆ ಸುಮ್ಮನಿರುತ್ತಾನೆ?

ಕಾರಣ ಕೇಳಲು ಬಾಗಿಲೇ ಇರಲಿಲ್ಲ ಎಂಬುದು ನಮ್ಮ ಆಕ್ಷೇಪ. ಗಿರಣಿಯ ಒಂದು ಬಾಯ್ಲರಿಗೆ ಅಪಘಾತವಾದರೆ ಮಾಲೀಕನು ಇಪ್ಪತ್ತನಾಲ್ಕು ಗಂಟೆಯೊಳಗೆ ಇನ್ಸ್‌ಪೆಕ್ಟರಿಗೆ ಬರೆದು ತಿಳಿಸಬೇಕೆಂದು ಬ್ರಿಟಿಷರ ಕಾಲದ 1923ರ ಬಾಯ್ಲರ್ ಕಾಯಿದೆಯೇ ವಿಧಿಸಿತ್ತು. ಆ ಇನ್ಸ್‌ಪೆಕ್ಟರು ಮಾಲೀಕನ ಸಂಬಳದವನಲ್ಲ. ಆದರೆ ಸ್ವತಂತ್ರ ಭಾರತದ 1962ರ ಅಣುಶಕ್ತಿ ಕಾಯಿದೆ ಮಾಹಿತಿಯನ್ನು ಬಚ್ಚಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸುರಕ್ಷತೆ ನೋಡಿಕೊಳ್ಳಲು 1983ರಲ್ಲಿ ರಚಿಸಿದ ಮಂಡಲಿಯು, ತಾನು ಯಾರನ್ನು ತನಿಖೆ ಮಾಡಬೇಕೋ ಆ ಇಲಾಖೆಯ ಕಾರ್ಯದರ್ಶಿಯೇ ಅಧ್ಯಕ್ಷರಾಗಿದ್ದ ಆಯೋಗಕ್ಕೆ ವರದಿ ಒಪ್ಪಿಸಬೇಕಾಗಿತ್ತು. ಈ ಮಂಡಲಿಗೆ ಶಾಸನದ ಬಲವಿಲ್ಲವೆಂದು ಮಹಾಲೇಖಪಾಲರು 2012ರಲ್ಲಿಯೇ ಹೇಳಿದರು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆ ಮಂಡಲಿಗೆ ಶಾಸನಬದ್ಧ ಸ್ಥಾನ ಕೊಟ್ಟಿದೆ, ಒಳ್ಳೆಯದು. ಅದೇ ಕಾಯಿದೆ ಅಣುವಿದ್ಯುತ್ತಿನ ಬಾಗಿಲನ್ನು ಖಾಸಗಿ ಬಂಡವಾಳಕ್ಕೂ ತೆರೆದಿದೆ. ಸರ್ಕಾರಿ ವಿಜ್ಞಾನಿಯೇ ಸೋರಿಕೆಯನ್ನು ಪ್ರಬಂಧದ ಮೂಲೆಯಲ್ಲಿ ಬರೆಯುವಾಗ, ಷೇರು ಬೆಲೆಯ ಮೇಲೆ ಕಣ್ಣಿಟ್ಟವನು ಎಲ್ಲಿ ಬರೆದಾನು?

ನಮ್ಮ ಬೇಡಿಕೆ ಹೆಚ್ಚಿನದಲ್ಲ. ಪ್ರತಿ ಸೋಡಿಯಂ ಸೋರಿಕೆಯ ದಿನ, ತೂಕ, ಸ್ಥಳ, ಕಾರಣ, ಆ ಹೊತ್ತಿಗೆ ಒಳಗಿದ್ದ ಕೆಲಸಗಾರರ ಸಂಖ್ಯೆ, ಇವನ್ನು ಬರೆದ ಖಾತೆಯೊಂದು ಇರಲಿ. ಅದು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಅಚ್ಚಾಗಲಿ. ಸುರಕ್ಷತಾ ಸಮಿತಿಯಲ್ಲಿ ಗುತ್ತಿಗೆ ಕೆಲಸಗಾರರ ಪ್ರತಿನಿಧಿ ಕುಳಿತಿರಲಿ. 1994ರ ಮೇ 13ರಂದು ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕುಸಿದಾಗ ಪೆಟ್ಟು ತಿಂದವರು ನಕ್ಷೆ ಬರೆದವರಲ್ಲ, ಅಲ್ಲಿ ದುಡಿಯುತ್ತಿದ್ದವರು.

ಕರೆಂಟಿನ ಬಿಲ್ಲಿನ ಮಾತು. ಇಳಿಯುತ್ತದೆ ಎಂದು ನಾವು ಸುಳ್ಳು ಆಸೆ ಹುಟ್ಟಿಸಲಾರೆವು. ಏರಿದ ಖರ್ಚು, ತಡವಾದ ವರ್ಷಗಳ ಬಡ್ಡಿ, ಇವು ಒಂದೋ ದರದಲ್ಲಿ ಬರುತ್ತವೆ, ಇಲ್ಲವೇ ತೆರಿಗೆಯಲ್ಲಿ ಬರುತ್ತವೆ. ಬೀಳುವ ನೀರಿಗೆ ಇಂಧನದ ಖರ್ಚಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಗಗನಚುಕ್ಕಿಯೇ ಒಣಗುವುದನ್ನು ಸತ್ತೇಗಾಲದವರು ಕಣ್ಣಾರೆ ಕಂಡಿದ್ದಾರೆ, ಆದ್ದರಿಂದ ಬೇರೆ ದಾರಿಯೂ ಬೇಕು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಇನ್ನು ಮಗನ ವಿಷಯ. ಹೋಗಲಿ ಎಂದೇ ನಮ್ಮ ಸಲಹೆ. ಬೆಸುಗೆಯವನಿಗೆ ಇದಕ್ಕಿಂತ ಸೂಕ್ಷ್ಮವಾದ ಪಾಠಶಾಲೆ ಸಿಗುವುದು ಕಷ್ಟ. ಆದರೆ ಹೊರಡುವ ಮೊದಲು ಗುತ್ತಿಗೆದಾರನಿಂದ ನಾಲ್ಕು ಮಾತನ್ನು ಬರೆಸಿಕೊಳ್ಳಲಿ. ತಾನು ಮುಟ್ಟುವ ಕೊಳವೆಯಲ್ಲಿ ಸೋಡಿಯಂ ಇದೆಯೋ, ಖಾಲಿ ಮಾಡಿ ತೊಳೆದಿದ್ದಾರೋ, ಅದನ್ನು ಯಾರು ನೋಡಿ ಸಹಿ ಹಾಕಿದ್ದಾರೆ ಎಂಬುದು ಒಂದು. ವಿಕಿರಣ ಅಳೆಯುವ ಎದೆಬಿಲ್ಲೆ ಅವನ ಸ್ವಂತ ಹೆಸರಿನಲ್ಲಿರಬೇಕು, ಅದರ ಲೆಕ್ಕದ ಪ್ರತಿ ಅವನ ಕೈಗೆ ಬರಬೇಕು. ಸೋಡಿಯಂ ಬೆಂಕಿಗೆ ಒಣಪುಡಿ ಎಲ್ಲಿಟ್ಟಿದ್ದಾರೆ, ಓಡುವ ಬಾಗಿಲು ಎಲ್ಲಿದೆ ಎಂದು ಮೊದಲ ದಿನವೇ ತೋರಿಸಬೇಕು. ಭವಿಷ್ಯನಿಧಿಯ ಚೀಟಿ ನಾಲ್ಕನೆಯದು. ಗುತ್ತಿಗೆದಾರನು ಇಷ್ಟಕ್ಕೆ ಗೊಣಗಿದರೆ ಮಗ ಸತ್ತೇಗಾಲದಲ್ಲಿಯೇ ಇರಲಿ, ಮತ್ತು ಅವನು ಏನೆಂದು ಗೊಣಗಿದನೆಂಬುದನ್ನು ತಂದೆ ನಮಗೆ ಬರೆಯಲಿ, ಅಚ್ಚು ಹಾಕುತ್ತೇವೆ.